ಕಂಚಿಗೆ ಕಾಸಿಲ್ಲದ ಶಿಲ್ಪಿ

ದೊಡ್ಡ ಕಲಾವಿದರು ಅಜ್ಞಾತರಾಗಿ ಉಳಿದರೆ ‘ಕಾಲ ಮರೆಸಿತು’ ಎಂದು ಬರೆದು ಕೈತೊಳೆದುಕೊಳ್ಳುವುದು ವಿದ್ವಾಂಸರ ರೂಢಿ. ಅಮೆರಿಕದ ಕರಿಯ ಜನಾಂಗದ ಶಿಲ್ಪಿ ಅಗಸ್ಟಾ ಸ್ಯಾವೇಜಳ ವಿಷಯದಲ್ಲಿ ಈ ಮಾತು ಸಲ್ಲದು. ಆಕೆಯನ್ನು ಕಾಲ ಮರೆಸಲಿಲ್ಲ. ಬಿಳಿಯರ ಒಂದು ಸಮಿತಿ, ಎರಕದ ಮನೆಯ ಖರ್ಚು, ಕಡೆಗೆ ಒಂದು ಬುಲ್ಡೋಜರು, ಇವೆಲ್ಲ ಸೇರಿ ಮರೆಸಿದವು. ಗಿರಣಿಯಲ್ಲಿ ದುಡಿಯುವ ಸಂಗಾತಿಗಳೂ, ಅಂಗಡಿ ಇಟ್ಟು ದಿನದಿನದ ಲೆಕ್ಕ ತೂಗಿಸುವ ಮಿತ್ರರೂ ಈ ಲೆಕ್ಕವನ್ನು ಪಂಡಿತರಿಗಿಂತ ಚೆನ್ನಾಗಿ ಅರಿಯಬಲ್ಲರು.

ಆಕೆ ಹುಟ್ಟಿದ್ದು 1892ರಲ್ಲಿ, ಫ್ಲಾರಿಡಾ ಪ್ರಾಂತದ ಗ್ರೀನ್ ಕೋವ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ. ಹದಿನಾಲ್ಕು ಮಕ್ಕಳ ಬಡ ಸಂಸಾರ. ಊರಿನಲ್ಲಿ ಇಟ್ಟಿಗೆಗೆ ಒದಗುವ ಒಳ್ಳೆಯ ಜೇಡಿಮಣ್ಣು ಇತ್ತು. ಹುಡುಗಿ ಅದರಲ್ಲಿ ಬಾತುಕೋಳಿ ಮಾಡುತ್ತಿದ್ದಳು. ತಂದೆ ಪಾದ್ರಿ. ಮೂರ್ತಿ ಮಾಡುವುದು ಪಾಪವೆಂದು ಹೊಡೆದ, ಮತ್ತೆ ಮತ್ತೆ ಹೊಡೆದ. ಹದಿನೈದಕ್ಕೆ ಮದುವೆ, ಮರುವರ್ಷ ಮಗು, ಸ್ವಲ್ಪ ಕಾಲದಲ್ಲೇ ವೈಧವ್ಯ. ಮುಂದೆ ಬೇರೆ ಊರಿಗೆ ಹೋದಾಗ ಅಲ್ಲಿ ಆ ಮಣ್ಣೇ ಇರಲಿಲ್ಲ. ಒಬ್ಬ ಕುಂಬಾರ ಕೊಟ್ಟ ಮಣ್ಣಿನಿಂದ ಮಾಡಿದ ಗೊಂಬೆಗಳಿಗೆ ಜಿಲ್ಲೆಯ ಜಾತ್ರೆಯಲ್ಲಿ 25 ಡಾಲರ್ ಬಹುಮಾನ ಬಂತು. 1921ರಲ್ಲಿ ನ್ಯೂಯಾರ್ಕಿಗೆ ಬಂದಿಳಿದಾಗ ಆಕೆಯ ಕೈಯಲ್ಲಿ ಐದು ಡಾಲರೂ ಇರಲಿಲ್ಲವಂತೆ. ಫೀ ಇಲ್ಲದ ಕೂಪರ್ ಯೂನಿಯನ್ ಶಾಲೆಯಲ್ಲಿ ನಾಲ್ಕು ವರ್ಷದ ಪಾಠವನ್ನು ಮೂರೇ ವರ್ಷಕ್ಕೆ ಮುಗಿಸಿದಳು. ಹೊಟ್ಟೆಪಾಡಿಗೆ ಉಗಿ ಯಂತ್ರದ ಲಾಂಡ್ರಿಗಳಲ್ಲಿ ಕೂಲಿ. ಬಟ್ಟೆಯ ಹಬೆಯಲ್ಲಿ ದಿನವಿಡೀ ನಿಲ್ಲುವುದೆಂದರೇನೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

1923ರಲ್ಲಿ ಫ್ರಾನ್ಸಿನ ಫಾಂಟನ್‌ಬ್ಲೋದಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗಾಗಿ ನಡೆಯುವ ಬೇಸಿಗೆ ಶಾಲೆಗೆ ಅರ್ಜಿ ಹಾಕಿದಳು. ಆರಿಸುವ ಸಮಿತಿ ಅಮೆರಿಕದ ಬಿಳಿಯರದು. ಅರ್ಜಿದಾರಳು ಕರಿಯಳೆಂದು ತಿಳಿದೊಡನೆ ಬಾಗಿಲು ಮುಚ್ಚಿತು. ದಕ್ಷಿಣ ಪ್ರಾಂತಗಳ ಬಿಳಿಯ ಹುಡುಗಿಯರಿಗೆ ಆಕೆಯ ಜೊತೆಯಲ್ಲಿ ಪ್ರಯಾಣ, ವಾಸ ಮಾಡಲು ಮುಜುಗರವಾದೀತೆಂಬುದು ಕಾರಣ! ಆಕೆ ಅಳುತ್ತ ಕೂರಲಿಲ್ಲ, ಪತ್ರಿಕೆಗಳಿಗೆ ಬರೆದಳು. ದೇಶದಲ್ಲೆಲ್ಲ ಗದ್ದಲವಾಯಿತು. ಸಮಿತಿಯ ಸದಸ್ಯನೊಬ್ಬ, ಶಿಲ್ಪಿ ಹರ್ಮನ್ ಮ್ಯಾಕ್‌ನೀಲ್, ನಾಚಿ ತನ್ನಲ್ಲೇ ಕಲಿಯಲು ಕರೆದ. ತೀರ್ಮಾನ ಮಾತ್ರ ಬದಲಾಗಲಿಲ್ಲ. ಎರಡು ವರ್ಷಗಳ ನಂತರ ರೋಮಿನಲ್ಲಿ ಕಲಿಯುವ ಅವಕಾಶ ಬಂತು. ಹಡಗಿನ ಚಾರ್ಜಿಗೂ ಊಟಕ್ಕೂ ಹಣ ಹೊಂದದೆ ಅದೂ ತಪ್ಪಿತು. ಫೀ ಮಾಫಿ ಮಾಡಿದರೆ ಬಡವರ ಮಕ್ಕಳು ಓದಿಬಿಡುತ್ತಾರೆಂದು ಭಾಷಣ ಮಾಡುವವರು ಇದನ್ನು ಗಮನಿಸಬೇಕು. 1929ರಲ್ಲಿ, ಟೋಪಿ ಓರೆಯಾಗಿಟ್ಟ ಬೀದಿಯ ಹುಡುಗನೊಬ್ಬನ ತಲೆಯ ಮೂರ್ತಿ ‘ಗಾಮಿನ್’ ಮಾಡಿದ ಮೇಲೆಯೇ ರೋಸನ್‌ವಾಲ್ಡ್ ನಿಧಿಯ ವೇತನ ದೊರೆತು ಆಕೆ ಪ್ಯಾರಿಸ್ ಕಂಡದ್ದು.

ಹಿಂದಿರುಗಿ ಬಂದಾಗ ಅಮೆರಿಕದಲ್ಲಿ ಮಹಾಕುಸಿತ, ಎಲ್ಲೆಲ್ಲೂ ನಿರುದ್ಯೋಗ. ಮೂರ್ತಿ ಕೊಳ್ಳುವವರು ಯಾರು? ಆಕೆ ಹಾರ್ಲೆಮ್ ಪೇಟೆಯಲ್ಲಿ ಶಾಲೆ ತೆರೆದು ಬಡ ಹುಡುಗರಿಗೆ ಪುಕ್ಕಟೆ ಕಲಿಸಿದಳು. ಮುಂದೆ ಸರ್ಕಾರದ ಪರಿಹಾರ ಯೋಜನೆಯ ಹಣದಿಂದ ನಡೆದ ಹಾರ್ಲೆಮ್ ಕಲಾಕೇಂದ್ರಕ್ಕೆ 1937ರಲ್ಲಿ ಮೊದಲ ಮುಖ್ಯಸ್ಥಳಾದಳು. ಜೇಕಬ್ ಲಾರೆನ್ಸ್ ಎಂಬ ಹುಡುಗನನ್ನು ಈಕೆ ಕೈಹಿಡಿದು ಯೋಜನೆಯ ಕಚೇರಿಗೆ ಕರೆದೊಯ್ದಳು. ವಯಸ್ಸು ಸಾಲದೆಂದು ಹಿಂದಕ್ಕೆ ಕಳಿಸಿದರು. ಹುಡುಗ ಅದನ್ನು ಮರೆತೇಬಿಟ್ಟಿದ್ದ. ಆಕೆ ಮರೆಯಲಿಲ್ಲ, ಇಪ್ಪತ್ತೊಂದು ತುಂಬಿದೊಡನೆ ಮತ್ತೆ ಕರೆದೊಯ್ದು ಹೆಸರು ಬರೆಸಿದಳು. ವಾರಕ್ಕೆ ಸುಮಾರು 24 ಡಾಲರ್ ಸಂಬಳ, ಕೆಲಸ ಚಿತ್ರ ಬರೆಯುವುದು. ದಕ್ಷಿಣದಿಂದ ಉತ್ತರದ ಕಾರ್ಖಾನೆಗಳಿಗೆ ವಲಸೆ ಹೋದ ಕರಿಯ ಕೂಲಿಕಾರರ ಬಾಳನ್ನು 60 ಚಿತ್ರಗಳಲ್ಲಿ 1941ರಲ್ಲಿ ತೋರಿಸಿದವನು ಇವನೇ. ‘ಪಾಠ ಹೇಳುತ್ತ ಕಾಲ ಕಳೆದು ತನ್ನ ಕಲೆಯನ್ನು ಕೆಡಿಸಿಕೊಂಡಳು’ ಎಂದು ಮರುಗುವವರಿದ್ದಾರೆ. ಕೆಲವು ವರ್ಷ ಸೀಮೆಸುಣ್ಣ ಹಿಡಿದ ನನಗೆ ಈ ಮರುಕ ಒಪ್ಪಿಗೆಯಿಲ್ಲ. ತನ್ನ ಸ್ಮಾರಕ ಈ ಮಕ್ಕಳ ಕೆಲಸದಲ್ಲಿರುತ್ತದೆ ಎಂಬ ಅರ್ಥದ ಮಾತನ್ನು ಆಕೆಯೇ ಆಡಿದ್ದಳು; ಅದು ಸೋತವಳ ಸಮಾಧಾನವಲ್ಲ.

1939ರ ನ್ಯೂಯಾರ್ಕ್ ವಿಶ್ವ ಪ್ರದರ್ಶನಕ್ಕೆ ಒಂದು ದೊಡ್ಡ ಮೂರ್ತಿ ಮಾಡಿಕೊಡಲು ಕರೆ ಬಂತು. ಕರಿಯ ಜನ ತಮ್ಮ ರಾಷ್ಟ್ರಗೀತೆಯೆಂದೇ ಹಾಡುವ ಹಾಡೊಂದನ್ನು ಆಕೆ ವಸ್ತುವಾಗಿ ಆರಿಸಿದಳು. 16 ಅಡಿ ಎತ್ತರದ ತಂತಿವಾದ್ಯ. ತಂತಿಗಳ ಜಾಗದಲ್ಲಿ ಸಾಲಾಗಿ ನಿಂತು ಹಾಡುವ ಹನ್ನೆರಡು ಮಂದಿ. ಕೆಳಗೆ ಅವರನ್ನೆಲ್ಲ ಹೊತ್ತ ಒಂದು ದೊಡ್ಡ ಕೈ. ಲಕ್ಷಾಂತರ ಜನ ನೋಡಿದರು. ಅದರ ಪ್ರತಿಯ ಚಿಕ್ಕ ಲೋಹದ ಗೊಂಬೆಗಳು ಪ್ರದರ್ಶನದಲ್ಲಿ ಮಾರಾಟವಾದವು. ಮೂಲ ಮೂರ್ತಿ ಮಾತ್ರ ಪ್ಲಾಸ್ಟರಿನದು, ಮೇಲೆ ಕಪ್ಪು ಕಲ್ಲಿನಂತೆ ಕಾಣುವ ಬಣ್ಣ. ಪ್ಲಾಸ್ಟರ್ ಶಿಲ್ಪಿಯ ಕೈಗೆಟಕುವ ವಸ್ತು. ಕಂಚಿನ ಎರಕಕ್ಕೆ ಲೋಹ, ಕುಲುಮೆ, ನುರಿತ ಎರಕದವರ ಕೂಲಿ, ಎಲ್ಲಕ್ಕೂ ಮುಂಗಡ ಹಣ ಬೇಕು. ಅದು ಆಕೆಯಲ್ಲಿರಲಿಲ್ಲ, ಇದ್ದವರು ಕೊಡಲಿಲ್ಲ. ಸಾಗಿಸಿ ಇಡಲು ಜಾಗವೂ ಇಲ್ಲ. 1940ರಲ್ಲಿ ಪ್ರದರ್ಶನ ಮುಗಿದಾಗ ಮಂಟಪಗಳೊಡನೆ ಅದನ್ನೂ ಬುಲ್ಡೋಜರಿನಿಂದ ಒಡೆದುಹಾಕಿದರು. ಚಿಕ್ಕ ಗೊಂಬೆಗೆ ಲೋಹ ದೊರೆಯಿತು, ಏಕೆಂದರೆ ಗೊಂಬೆ ಮಾರಾಟವಾಗುತ್ತಿತ್ತು. ವ್ಯಾಪಾರಿ ಮಿತ್ರರೇ ಹೇಳಲಿ, ಇದು ಯಾವ ತಕ್ಕಡಿಯ ನ್ಯಾಯ?

ಈ ಕೆಲಸಕ್ಕಾಗಿ ರಜೆ ಹಾಕಿದ್ದ ಆಕೆ ಮರಳಿದಾಗ ಕಲಾಕೇಂದ್ರದ ಹುದ್ದೆಯಲ್ಲಿ ಬೇರೆಯವರಿದ್ದರು. ಸ್ವಂತವಾಗಿ ತೆರೆದ ಚಿತ್ರಶಾಲೆ ಹಣವಿಲ್ಲದೆ ಕೆಲವೇ ತಿಂಗಳಲ್ಲಿ ಮುಚ್ಚಿತು. 1945ರ ಸುಮಾರಿಗೆ ಸಾಗರ್ಟೀಸ್ ಎಂಬ ಹಳ್ಳಿ ಸೇರಿದಳು. ಕೋಳಿ ಸಾಕಿದಳು, ಅಣಬೆ ಬೆಳೆಸುವ ಪ್ರಯೋಗಶಾಲೆಯೊಂದರಲ್ಲಿ ದುಡಿದಳು, ಊರ ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸಿದಳು. 1962ರಲ್ಲಿ ತೀರಿಕೊಂಡಳು. 2018ರಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್ ನಗರದ ವಸ್ತುಸಂಗ್ರಹಾಲಯವೊಂದು ಆಕೆಯ ಉಳಿದ ಕೃತಿಗಳನ್ನು ಹುಡುಕಿ ಕೂಡಿಸಿ ಪ್ರದರ್ಶಿಸಿತು. ಉಳಿದಿರುವುದು ಸ್ವಲ್ಪ, ಅದರಲ್ಲೂ ಬಹಳಷ್ಟು ಪ್ಲಾಸ್ಟರೇ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿರುವ ಆ ಟೋಪಿ ಹುಡುಗನೂ ಪ್ಲಾಸ್ಟರಿನವನೇ, ದೂರದಿಂದ ಕಂಚಿನಂತೆ ತೋರಲೆಂದು ಆಕೆ ಮೇಲೆ ಬಣ್ಣ ಬಳಿದಿದ್ದಾಳೆ.