ಕಿಡಿಯನ್ನು ಪರೀಕ್ಷಿಸದೆ ಬಿಡಿಭಾಗ ಮಾರುವುದು ಸಲ್ಲದು

ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನಗಳ ಕಾಲ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಅಶ್ವಶಕ್ತಿಯವರೆಗಿನ ಔಟ್‌ಬೋರ್ಡ್ ಎಂಜಿನ್ ಅಳವಡಿಸಿದ ನಾಡದೋಣಿಗಳಿಗೆ ಇದರಿಂದ ವಿನಾಯಿತಿಯುಂಟು. ಆದರೆ ಮಳೆಗಾಳಿಯ ನಡುವೆ ಕಡಲು ಶಾಂತವಾಗುವ ದಿನಗಳು ಬೆರಳೆಣಿಕೆಯಷ್ಟು. ಅಂತಹ ಒಂದು ಮುಂಜಾನೆ ಹಳೆಯ ಎಂಜಿನ್ ಚಾಲೂ ಆಗದಿದ್ದರೆ, ಆ ದಿನದ ದುಡಿಮೆ ಮರಳಿ ಬಾರದು. ಆಗ ದೋಣಿಯವರು ಧಾವಿಸಿ ಬರುವುದು ಬಿಡಿಭಾಗ ವ್ಯಾಪಾರಿಗಳಾದ ನಮ್ಮ ಬಳಿಗೆ. ನಾವು ಅವರಿಗೆ ಪರಿಹಾರವನ್ನು ಕೊಡುತ್ತಿದ್ದೇವೆಯೇ ಅಥವಾ ಬರಿಯ ಬಿಲ್ಲನ್ನೇ ಎಂಬುದು ಇಂದಿನ ಪ್ರಶ್ನೆ.

ಮೊದಲು ನನ್ನ ತಪ್ಪನ್ನೇ ಹೇಳಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಗ್ರಾಹಕರೊಬ್ಬರು ಬಂದು, ‘ಕಿಡಿ ಬರುವುದಿಲ್ಲ, ಸಿ.ಡಿ.ಐ. ಘಟಕ ಕೊಡಿ’ ಎಂದರು. ಮರುಮಾತಿಲ್ಲದೆ ಕೊಟ್ಟೆ. ಮರುದಿನ ಅವರು ಅದನ್ನು ಹಿಡಿದು ಹಿಂದಿರುಗಿದರು. ಎಂಜಿನ್ ಇದ್ದಂತೆಯೇ ಇತ್ತು. ವಿದ್ಯುತ್ ಬಿಡಿಭಾಗಗಳನ್ನು ಹಿಂದಕ್ಕೆ ಪಡೆಯುವುದಿಲ್ಲವೆಂಬ ಫಲಕ ನನ್ನ ತಲೆಯ ಮೇಲೆಯೇ ತೂಗುತ್ತಿತ್ತು. ಕೊನೆಗೆ ಹಿರಿಯ ಮೆಕ್ಯಾನಿಕ್ ಒಬ್ಬರು ಪ್ಲಗ್ಗುಗಳನ್ನು ಕಳಚಿ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟರು. ಸ್ಟಾಪ್ ಸ್ವಿಚ್ಚಿನ ತಂತಿಯನ್ನು ಬಿಡಿಸಿ ಹಗ್ಗ ಎಳೆದೊಡನೆ ಕಿಡಿ ಹಾರಿತು. ಉಪ್ಪುನೀರಿನಿಂದ ಕೆಟ್ಟ ಸ್ವಿಚ್ ಒಳಗೊಳಗೇ ಅರ್ಥ್ ಆಗಿ ಕಿಡಿಯನ್ನು ನುಂಗುತ್ತಿತ್ತು. ಸ್ವಿಚ್ಚಿನ ಬೆಲೆ ನಾನು ಮಾರಿದ ಘಟಕದ ಬೆಲೆಯ ಅಲ್ಪ ಭಾಗ ಮಾತ್ರ. ಆ ಗ್ರಾಹಕರು ಮತ್ತೆ ನನ್ನ ಅಂಗಡಿಗೆ ಬರಲಿಲ್ಲ.

ಯಾವುದೇ ಎರಡು ಸ್ಟ್ರೋಕಿನ ಎಂಜಿನ್ ಚಾಲೂ ಆಗಲು ಸಕಾಲದ ಕಿಡಿ, ಶುದ್ಧ ಇಂಧನ ಮತ್ತು ಸಾಕಷ್ಟು ಒತ್ತಡ ಎಂಬ ಮೂರು ಅಂಶಗಳು ಬೇಕು. ಪರೀಕ್ಷೆಯೂ ಖರ್ಚಿಲ್ಲದ್ದರಿಂದ ಆರಂಭವಾಗಬೇಕು. ಸುರಕ್ಷತಾ ಹಗ್ಗದ ಕ್ಲಿಪ್ ಸ್ಥಾನದಲ್ಲಿದೆಯೇ? ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ? ಪ್ಲಗ್ ಒದ್ದೆಯೋ ಒಣಗಿದೆಯೋ? ಒಣಗಿದ್ದರೆ ಇಂಧನ ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿಯನ್ನು ಶಂಕಿಸಬೇಕು. ಆಗ ಪ್ಲಗ್, ಅದರ ಮುಚ್ಚಳ, ಅರ್ಥ್ ಜೋಡಣೆ, ಸ್ಟಾಪ್ ಸ್ವಿಚ್, ಫ್ಲೈವೀಲ್ ಕೆಳಗಿನ ಕಾಯಿಲ್‌ಗಳು, ಇವನ್ನೆಲ್ಲ ಕ್ರಮವಾಗಿ ಪರೀಕ್ಷಿಸಿದ ಬಳಿಕವಷ್ಟೇ ಸಿ.ಡಿ.ಐ. ಸರದಿ. ಕಿಡಿ ಚೆನ್ನಾಗಿದ್ದೂ ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿದ್ದರೆ ಫ್ಲೈವೀಲ್‌ನ ಕೀಲಿ ತುಂಡಾಗಿ ಟೈಮಿಂಗ್ ತಪ್ಪಿರುವ ಸಾಧ್ಯತೆಯುಂಟು. ಪ್ಲಗ್ ತಂತಿಯನ್ನು ಗಾಳಿಯಲ್ಲಿ ತೂಗುಬಿಟ್ಟು ಹಗ್ಗ ಎಳೆಯುವುದು ಸಲ್ಲದು. ಸುಸ್ಥಿತಿಯ ಘಟಕವೂ ಅದರಿಂದ ಸುಟ್ಟೀತು. ಪೆಟ್ರೋಲ್ ಆವಿ ಇರುವೆಡೆ ಕಿಡಿ ಪರೀಕ್ಷೆ ಕೂಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಂಧನದ ವಿಷಯವೂ ಅಷ್ಟೇ ಮುಖ್ಯ. ಸೀಮೆಎಣ್ಣೆಯ ಎಂಜಿನ್‌ಗಳನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಪುನಃ ಪೆಟ್ರೋಲಿಗೆ ತರಬೇಕು. ಈ ಕೊನೆಯ ಹೆಜ್ಜೆಯನ್ನು ಮರೆತರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ತಣ್ಣಗಿನ ಎಂಜಿನ್ ಹಟ ಹಿಡಿಯುತ್ತದೆ. 2025ರ ವೇಳೆಗೆ ದೇಶದಲ್ಲಿ ಪೆಟ್ರೋಲಿಗೆ ಶೇಕಡ 20ರಷ್ಟು ಎಥೆನಾಲ್ ಬೆರೆಸುವ ಪದ್ಧತಿ ವ್ಯಾಪಕವಾಗಿದೆ. ಎಥೆನಾಲ್ ತೇವಾಂಶವನ್ನು ಹೀರುತ್ತದೆ. ನೀರು ಮಿತಿಮೀರಿದಾಗ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಹಳೆಯ ಎಂಜಿನ್‌ಗಳ ರಬ್ಬರ್ ಕೊಳವೆ, ವಾಷರ್‌ಗಳೂ ಅದಕ್ಕೆ ಒಗ್ಗುವುದಿಲ್ಲ.

‘ಪರೀಕ್ಷಿಸುತ್ತ ಕುಳಿತರೆ ವ್ಯಾಪಾರ ನಡೆದೀತೇ?’ ಎಂದು ಕೆಲವು ಸದಸ್ಯ ಮಿತ್ರರು ಕೇಳಬಹುದು. ಮಳೆಗಾಲದ ನೂಕುನುಗ್ಗಲಿನಲ್ಲಿ ಸಮಯ ದುರ್ಲಭವೆಂಬುದು ನಿಜ. ಆದರೆ ಈ ಪ್ರಾಥಮಿಕ ಪರೀಕ್ಷೆಗೆ ಬೇಕಾದುದು ಒಂದು ಮಲ್ಟಿಮೀಟರ್, ಒಂದು ಪ್ಲಗ್ ಸ್ಪ್ಯಾನರ್ ಹಾಗೂ ಅಲ್ಪ ತಾಳ್ಮೆ. ತಪ್ಪಾಗಿ ಮಾರಿದ ಒಂದು ಘಟಕದ ಲಾಭ ಒಂದು ದಿನದ್ದು. ಕಳೆದುಕೊಂಡ ಗಿರಾಕಿಯ ನಷ್ಟ ಹಲವು ವರ್ಷಗಳದ್ದು.

ಆದುದರಿಂದ ಮೂರು ಸಲಹೆಗಳನ್ನು ಸದಸ್ಯರ ಮುಂದಿಡಬಯಸುತ್ತೇನೆ. ಒಂದು, ಪ್ರತಿ ಬಿಡಿಭಾಗ ಮಳಿಗೆಯಲ್ಲೂ ಪರೀಕ್ಷಾ ಕ್ರಮವನ್ನು ತಿಳಿಸುವ ಕನ್ನಡ ಫಲಕವಿರಲಿ. ಎರಡು, ಮೇ ತಿಂಗಳಿನಲ್ಲಿಯೇ ಮಲ್ಪೆ, ಗಂಗೊಳ್ಳಿಯಂತಹ ಬಂದರುಗಳಲ್ಲಿ ಮೆಕ್ಯಾನಿಕರ ನೆರವಿನಿಂದ ಎಂಜಿನ್ ತಪಾಸಣಾ ಶಿಬಿರಗಳನ್ನು ನಮ್ಮ ಸಂಸ್ಥೆ ಏರ್ಪಡಿಸಲಿ. ಮೂರು, ನಮ್ಮ ಸಣ್ಣ ಉದ್ದಿಮೆದಾರರು ಎಥೆನಾಲ್ ತಾಳುವ ಕೊಳವೆ, ತವರ ಲೇಪಿತ ತಾಮ್ರದ ತಂತಿ, ನೀರು ನುಸುಳದ ಸ್ವಿಚ್‌ಗಳ ತಯಾರಿಕೆಯತ್ತ ಗಮನ ಹರಿಸಲಿ. ಹಳೆಯ ಎಂಜಿನ್‌ಗಳು ಕಡಲಿನಲ್ಲಿರುವವರೆಗೆ ಇವುಗಳಿಗೆ ಬೇಡಿಕೆ ತಪ್ಪದು.

ನನ್ನ ಮಳಿಗೆಯ ಹಳೆಯ ಫಲಕವನ್ನು ಈಗ ಇಳಿಸಿದ್ದೇನೆ. ಅದರ ಜಾಗದಲ್ಲಿ ‘ಮೊದಲು ಪರೀಕ್ಷೆ, ಆಮೇಲೆ ಖರೀದಿ’ ಎಂದು ಬರೆಸಿದ್ದೇನೆ. ಸದಸ್ಯ ಬಾಂಧವರೂ ಈ ಬಗ್ಗೆ ಆಲೋಚಿಸಬೇಕೆಂದು ವಿನಂತಿ.