ಮುಳ್ಳು ಏಳದಿದ್ದರೆ ಮೊದಲು ವೈರು ನೋಡಿ

ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೊರಬಂದರೂ ಡ್ಯಾಶ್‌ಬೋರ್ಡಿನ ಮುಳ್ಳು ಖಾಲಿಯ ಗೆರೆ ಬಿಟ್ಟು ಕದಲುವುದಿಲ್ಲ. ಗ್ಯಾರೇಜಿಗೆ ಹೋದರೆ ‘ಮೀಟರ್ ಹೋಗಿದೆ ಸಾರ್, ಹೊಸದು ಹಾಕ್ಬೇಕು’ ಎಂಬ ಉತ್ತರ. ಪರೀಕ್ಷೆಯನ್ನೇ ಮಾಡದೆ ಹೇಳುವ ಈ ಮಾತನ್ನು ಗಾಡಿಯ ಮಾಲೀಕರು ಒಪ್ಪಬಾರದು.

ಟ್ಯಾಂಕಿನೊಳಗಿನ ಫ್ಲೋಟ್ ಏರಿಳಿದಂತೆ ಅದಕ್ಕೆ ಜೋಡಿಸಿದ ಸೆಂಡರ್ ಎಂಬ ಭಾಗದ ರೋಧ ಬದಲಾಗುತ್ತದೆ. ಮುಳ್ಳು ತೋರಿಸುವುದು ಅದನ್ನೇ. ಅಮೆರಿಕದಲ್ಲಿ ಬಳಕೆಯಲ್ಲಿರುವ ಒಂದು ಅಳತೆಯಲ್ಲಿ ಖಾಲಿಗೆ 240 ಓಮ್, ತುಂಬಿದ್ದಕ್ಕೆ 33. ಯುರೋಪಿನ ಒಂದರಲ್ಲಿ ಖಾಲಿಗೆ 10, ತುಂಬಿದ್ದಕ್ಕೆ 180. ಲೆಕ್ಕವೇ ತಿರುವುಮುರುವು! ಹೊಂದದ ಸೆಂಡರ್ ಕೂರಿಸಿದರೆ ತುಂಬಿದ ಟ್ಯಾಂಕೂ ಖಾಲಿಯೆಂದೇ ಕಾಣುತ್ತದೆ.

ಹಳೆಯ ಗಾಡಿಯಾದರೆ ಮೊದಲು ಫ್ಯೂಸ್, ಆಮೇಲೆ ಟ್ಯಾಂಕಿನ ಬಳಿಯ ಅರ್ತ್ ವೈರು. ಕೆಸರು ಮೆತ್ತಿದ ಬೋಲ್ಟ್ ಬಿಚ್ಚಿದರೆ ವಾಷರ್ ಕೆಳಗೆ ಕಂದು ತುಕ್ಕಿನ ಪುಡಿ ಉದುರುತ್ತದೆ. ಮರಳುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿದರೆ, ಎಷ್ಟೋ ಸಲ ಮುಳ್ಳು ಅಷ್ಟಕ್ಕೇ ಮೇಲೇಳುತ್ತದೆ.

ಏಳಲಿಲ್ಲವೇ? ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಸೆಂಡರ್‌ನ ಓಮ್ ಅಳೆದು ಆ ಗಾಡಿಯ ಸರ್ವಿಸ್ ಕೈಪಿಡಿಯ ಅಂಕಿಗೆ ಹೋಲಿಸಬೇಕು. ಅಂಕಿ ಸರಿಯಿದ್ದರೆ ತೊಂದರೆ ವೈರಿನಲ್ಲೋ ಮೀಟರಿನಲ್ಲೋ ಇದೆ. ಕಂಪ್ಯೂಟರ್ ಇರುವ ಹೊಸ ಕಾರುಗಳಲ್ಲಿ ಸೆಂಡರ್ ವೈರನ್ನು ಸುಮ್ಮನೆ ಗಾಡಿಯ ಲೋಹದ ಮೈಗೆ ತಾಗಿಸಿ ನೋಡಬಾರದು. ಅಲ್ಲಿ ಸ್ಕ್ಯಾನರ್ ಬೇಕು.

ಹೀಗೆ ಹುಡುಕುವುದಕ್ಕೆ ಸಮಯ, ಅನುಭವ ಎರಡೂ ಬೇಕು. ಅದಕ್ಕೆ ಮೆಕ್ಯಾನಿಕ್ ಪ್ರತ್ಯೇಕ ಕೂಲಿ ಕೇಳಿದರೆ ನ್ಯಾಯವಾದದ್ದೇ, ಗ್ರಾಹಕರು ಚೌಕಾಸಿ ಮಾಡದೆ ಕೊಡಬೇಕು. ಬದಲಿಗೆ ಅಳೆದ ಓಮ್ ಎಷ್ಟೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಲಿ.