ಪರದೇಶಿಯ ವಕೀಲ

ನಮ್ಮ ಕಡೆ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದವನು ಪರದೇಶಿ. ಹೇಳುವವರು ಕೇಳುವವರಿಲ್ಲದ ದಿಕ್ಕೇಡಿಯೂ ಪರದೇಶಿಯೇ. ಈ ಎರಡೂ ಒಬ್ಬನಲ್ಲೇ ಕೂಡಿದಾಗ ಅವನ ಪರವಾಗಿ ಕೋರ್ಟಿನಲ್ಲಿ ನಿಲ್ಲುವವರಾರು? ಬಿ.ಎ. ಮುಗಿಸಿ ‘ಲಾ’ ಓದಬೇಕೆಂದಿರುವ ಮಿತ್ರರು ಇದನ್ನು ಯೋಚಿಸಬೇಕೆಂದು ನನ್ನ ಬಿನ್ನಹ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕೋರ್ಟುಗಳೆಂದರೆ ನಮ್ಮ ಕಣ್ಣಿಗೆ ಬರುವುದು ಪಾಲಿನ ದಾವೆ, ಬದುವಿನ ಜಗಳ. ಆದರೆ ಪರದೇಶಿಯ ಪ್ರಶ್ನೆ ನಮಗೆ ದೂರದ್ದಲ್ಲ. ಅರಕಲಗೂಡು ಸೀಮೆಗೆ ಸಮೀಪದ ಬೈಲುಕುಪ್ಪೆಯಲ್ಲಿ 1960ರ ಸುಮಾರಿನಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಹುಟ್ಟಿನಿಂದಲೇ ಭಾರತೀಯರೆಂದು 1955ರ ಪೌರತ್ವ ಕಾಯಿದೆ ಹೇಳುತ್ತದೆ. ಆದರೂ ಹಾಗೆ ಹುಟ್ಟಿದ ಟಿಬೆಟನ್ನರು ಈ ಹಕ್ಕಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟವು. ಕಾಯಿದೆಯ ಅಕ್ಷರ ಮೊದಲೇ ಇತ್ತು. ಅದನ್ನು ಹಿಡಿದು ವಾದಿಸುವ ವಕೀಲರು ಬರುವ ತನಕ ಪುಸ್ತಕದಲ್ಲೇ ಮಲಗಿತ್ತು.

ಇನ್ನು ನಮ್ಮ ಜಿಲ್ಲೆಯ ಸಕಲೇಶಪುರದ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಕೂಲಿಗೆ ಬರುವವರಿದ್ದಾರೆ. ಅವರ ಭಾಷೆ ಕೇಳಿದೊಡನೆ ‘ಬಾಂಗ್ಲಾದವರು’ ಎನ್ನುವುದು ಸುಲಭ. ಆದರೆ ವಿದೇಶೀಯನೆಂಬ ಪ್ರಶ್ನೆ ಎದ್ದರೆ, ತಾನು ಅಲ್ಲವೆಂದು ರುಜುಪಡಿಸುವ ಭಾರ ಆ ಮನುಷ್ಯನ ಮೇಲೆಯೇ ಬೀಳುತ್ತದೆ. 1946ರ ಕಾಯಿದೆಯ ಈ ನಿಯಮವನ್ನು 2025ರ ಹೊಸ ಕಾಯಿದೆಯೂ ಉಳಿಸಿಕೊಂಡಿದೆ. ನಮ್ಮ ಅಜ್ಜಿಯರು ಹುಟ್ಟಿದ ದಿನಕ್ಕೆ ಕಾಗದಪತ್ರ ಎಲ್ಲಿದೆ? ನಮ್ಮ ತಂದೆಯವರಲ್ಲಿ ಎಷ್ಟೋ ಮಂದಿಯ ಜನ್ಮದಿನ ಶಾಲೆಯ ಮೇಷ್ಟರು ಅಂದಾಜಿನಿಂದ ಬರೆದದ್ದು. ಕಾಗದವಿಲ್ಲದವನೆಲ್ಲ ಸುಳ್ಳುಗಾರನಲ್ಲವೆಂದು ಅರಿಯಲು, ಅಕ್ಷರ ಕಾಣದ ಮನೆಗಳಿಂದ ಬಂದ ನಮಗಿಂತ ಯೋಗ್ಯರಾರು?

ಗಡಿ ದಾಟಿ ಬಂದವನಿಗೆ ವಕೀಲನೇಕೆ ಎಂದು ಕೆಲವರು ಕೇಳುತ್ತಾರೆ. ದೇಶಕ್ಕೆ ಗಡಿ ಬೇಕು. ವಿದೇಶೀಯನನ್ನು ಹೊರಗೆ ಕಳುಹಿಸುವ ಅಧಿಕಾರವೂ ಸರ್ಕಾರಕ್ಕುಂಟು. ಆದರೆ ನಮ್ಮ ಸಂವಿಧಾನದ 21ನೆಯ ವಿಧಿಯ ರಕ್ಷಣೆ ನಾಗರಿಕನಿಗೆ ಮಾತ್ರವಲ್ಲದೆ ಯಾವ ವ್ಯಕ್ತಿಗಾದರೂ ಸಲ್ಲುತ್ತದೆ. ಅವನು ಯಾರೆಂದು ನ್ಯಾಯವಾಗಿ ವಿಚಾರಿಸಿದ ಮೇಲಲ್ಲವೇ ಕಳುಹಿಸುವ ಮಾತು?

ಹೊಟ್ಟೆಪಾಡಿನ ಮಾತೂ ಇದೆ. ಅಮೆರಿಕದ ವಲಸೆ ನ್ಯಾಯಾಲಯಗಳಲ್ಲಿ ಸರ್ಕಾರದ ಖರ್ಚಿನಿಂದ ವಕೀಲನನ್ನು ಪಡೆಯುವ ಹಕ್ಕಿಲ್ಲದ್ದರಿಂದ, ಲಾಭದ ಆಸೆಯಿಲ್ಲದ ಸಂಸ್ಥೆಗಳು ಸಂಬಳ ಕೊಟ್ಟು ವಕೀಲರನ್ನು ನೇಮಿಸಿಕೊಳ್ಳುತ್ತವೆ. ನಮ್ಮಲ್ಲಿ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಬಂಧನದಲ್ಲಿರುವವರಿಗೆ, ಸ್ತ್ರೀಯರಿಗೆ, ಬಡವರಿಗೆ ಉಚಿತ ನೆರವುಂಟು. ಜಿಲ್ಲೆಗೊಂದು ಪ್ರಾಧಿಕಾರ, ತಾಲ್ಲೂಕುಗಳಲ್ಲಿ ಸಮಿತಿಗಳುಂಟು. ಆದರೆ ಈ ಕೆಲಸಕ್ಕೆ ಸಿಗುವ ಹಣ ಅಲ್ಪ. ಸಾಲ ಮಾಡಿ ಓದಿಸಿದ ತಂದೆಗೆ ಇದು ಸಿಹಿ ಸುದ್ದಿಯಲ್ಲ. ಆದ್ದರಿಂದ ಇಂಥ ವಕೀಲರಿಗೆ ಸಂಸಾರ ನಡೆಸುವಷ್ಟು ವರಮಾನವನ್ನು ಸರ್ಕಾರ ಒದಗಿಸಬೇಕು. ನಾವೂ ವರ್ಷಕ್ಕೆ ಇಂಥ ಒಂದೆರಡು ಮೊಕದ್ದಮೆಗಳನ್ನಾದರೂ ಹಿಡಿಯುವ ಸಂಕಲ್ಪ ಮಾಡಬೇಕು.

ಪಾಲಿನ ದಾವೆಗೆ ವಕೀಲರು ಬೇಕಾದಷ್ಟು ಮಂದಿ ಇದ್ದಾರೆ. ಪರದೇಶಿಯ ಪಾಲಿಗೆ ನಮ್ಮ ಕಾಲೇಜಿನಿಂದ ಒಬ್ಬರಾದರೂ ಹೋಗಲಿ.

— ಅಂತಿಮ ಬಿ.ಎ. ವಿದ್ಯಾರ್ಥಿ